100 ಪಿಎಸ್‌ಐ ಅಂತೆ, ನೀರು ಎಲ್ಲಿ ಸ್ವಾಮಿ?

ಗಾಜು ತೊಳೆಯೋ ಬ್ಯಾಕ್‌ಪ್ಯಾಕ್ ಪಂಪಿನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: 100 ಪಿಎಸ್‌ಐ, ಹೆವಿ ಡ್ಯೂಟಿ ಪಂಪ್. ಪಿಎಸ್‌ಐ ಅಂದರೆ ಇಲ್ಲಿ ನೀರಿನ ಒತ್ತಡದ ಅಳತೆ. ಓದಿದರೆ ಗಾಜೇ ಒಡೆದು ಹೋಗುತ್ತೇನೋ ಅಂತ ಭಯ ಆಗಬೇಕು. ಬ್ರಷ್ ಮೂರನೇ ಮಹಡಿಗೆ ಏರಿಸಿ ಸ್ವಿಚ್ ಹಾಕಿದರೆ ನೀರು ಚಿಮ್ಮುವ ಒಂದು ಜೆಟ್‌ನಲ್ಲಿ ಸಣ್ಣ ಧಾರೆ, ಇನ್ನೊಂದರಲ್ಲಿ ತೊಟ್ಟು ತೊಟ್ಟು. ಕೆಳಗೆ ನಿಂತ ಅಂಗಡಿ ಮಾಲೀಕರು "ನೀರು ಬಿಟ್ಟಿದ್ದೀರಾ, ಇಲ್ಲ ಸುಮ್ನೆ ಉಜ್ಜುತ್ತಿದ್ದೀರಾ?" ಅಂತ ಕೇಳುತ್ತಾರೆ. ಏನು ಹೇಳೋದು ಅವರಿಗೆ?

ಬೆಂಗಳೂರಲ್ಲಿ ಗಾಜು, ಸೋಲಾರ್ ಪ್ಯಾನಲ್ ತೊಳೆಯುವ ಕೆಲಸದವರಿಗೆ ಈ ಬ್ಯಾಕ್‌ಪ್ಯಾಕ್ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆನ್ನ ಮೇಲೆ 20 ಲೀಟರ್ ಟ್ಯಾಂಕ್, ಅದರಲ್ಲೇ ಒಂದು 12 ವೋಲ್ಟ್ ಪಂಪು, ಬ್ಯಾಟರಿ. ಅಲ್ಲಿಂದ ಪೈಪು ಉದ್ದನೆಯ ಪೋಲ್ ಒಳಗೆ ಹೋಗಿ ತುದಿಯ ಬ್ರಷ್‌ಗೆ ಸೇರುತ್ತದೆ. ಏಣಿ ಬೇಡ, ಹಗ್ಗ ಬೇಡ, ನೆಲದ ಮೇಲೆ ನಿಂತೇ ತೊಳೆಯಬಹುದು. ರೆಸಿನ್‌ನಲ್ಲಿ (ಉಪ್ಪು ಹಿಡಿದುಕೊಳ್ಳುವ ಸಣ್ಣ ಕಾಳು) ಉಪ್ಪಿನಂಶ ತೆಗೆದ ನೀರಾದ್ದರಿಂದ ಒರೆಸೋ ಗೊಡವೆಯೂ ಇಲ್ಲ, ಒಣಗಿದ ಮೇಲೆ ಕಲೆ ಉಳಿಯೋದಿಲ್ಲ. ಅದೇ ಗಾಜಿಗೆ ಬೋರ್‌ವೆಲ್ ನೀರು ಹಾಕಿ ನೋಡಿ, ಒಣಗಿದ ಮೇಲೆ ತುಂಬಾ ಬಿಳಿ ಚುಕ್ಕೆ.

ವ್ಯಾನಲ್ಲಿ ದೊಡ್ಡ ಟ್ಯಾಂಕ್ ಇಟ್ಟುಕೊಂಡು ಹೋಗಬಹುದಲ್ವಾ ಅಂತೀರಿ. ಚಿಕ್ಕಪೇಟೆ ಗಲ್ಲಿಯಲ್ಲಿ ವ್ಯಾನ್ ಎಲ್ಲಿ ನಿಲ್ಲಿಸಲಿ? ಅಪಾರ್ಟ್‌ಮೆಂಟ್‌ಗಳಲ್ಲಿ ನಲ್ಲಿ ಕೇಳಿದರೆ ಸೆಕ್ಯುರಿಟಿಯವರು ಮುಖ ಆ ಕಡೆ ತಿರುಗಿಸುತ್ತಾರೆ. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಮಾಡಿದ ಮೇಲಂತೂ ಕೇಳೋದಕ್ಕೇ ಸಂಕೋಚ. ಆ ಬೇಸಿಗೆ ನೀರಿಗೆ ಅಷ್ಟು ಬರ ಇತ್ತು, ಯಾರನ್ನೂ ದೂರಿ ಪ್ರಯೋಜನ ಇಲ್ಲ. ಹಾಗಾಗಿ ನಮ್ಮ ನೀರು ನಾವೇ ಹೊರಬೇಕು. 20 ಲೀಟರ್ ನೀರೆಂದರೆ 20 ಕೆಜಿ. ಪಂಪು, ಬ್ಯಾಟರಿ ತೂಕ ಬೇರೆ. ಇಷ್ಟು ಹೊತ್ತುಕೊಂಡು ಮಧ್ಯಾಹ್ನದ ಬಿಸಿಲಲ್ಲಿ ತಲೆ ಎತ್ತಿ ನಿಂತವನಿಗೆ ಮೇಲಿಂದ ತೊಟ್ಟು ತೊಟ್ಟು ಬಂದರೆ ಉರಿಯುತ್ತೋ ಇಲ್ವೋ?

ಮಾರಿದವನಿಗೆ ಫೋನ್ ಮಾಡಿದೆ. "ಪಂಪ್ ವೀಕ್ ಆಗಿದೆ ಸಾರ್, ಚೇಂಜ್ ಮಾಡಿಸಿ." ಮಾಡಿಸಿದೆ. ಸದ್ದು ಜಾಸ್ತಿ ಆಯಿತು, ನೀರು ಅಷ್ಟೇ. ಮತ್ತೆ ಫೋನ್. "ಹಾಗಾದ್ರೆ ಇನ್ನೂ ದೊಡ್ಡ ಪಂಪ್ ಹಾಕೋಣ ಸಾರ್." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ಇವರು. ಒಬ್ಬನಾದರೂ "ಪೈಪ್ ಬಿಚ್ಚಿ ನೋಡಿ" ಅನ್ನಲಿಲ್ಲ.

ನಾನೇ ಬಿಚ್ಚಿದೆ. ಪೈಪನ್ನು 8 ಎಂಎಂ ಅಂತ ಮಾರಿದ್ದಾರೆ. ಅದು ಹೊರಗಿನ ಅಳತೆ! ಒಳಗೆ ನೀರು ಹೋಗೋ ದಾರಿ 5 ಎಂಎಂ. ಹೋಗಲಿ ಅಂತ ಪೈಪು ಜೋಡಿಸುವ ಕ್ವಿಕ್ ಕನೆಕ್ಟರ್ ತೆಗೆದು ಅದರ ತೂತಿಗೆ ಡ್ರಿಲ್ ಬಿಟ್ ಇಟ್ಟು ನೋಡಿದೆ. 4 ಎಂಎಂ ಬಿಟ್ ಒಳಗೆ ಹೋಗಲೇ ಇಲ್ಲ. 3 ಎಂಎಂ ಬಿಟ್ ಹೋಯಿತು. ಮೇಲೆ ನೋಡಿದರೆ ಹಿತ್ತಾಳೆ ಥಳಥಳ, ಒಳಗೆ ಕಡ್ಡಿ ತೂರುವಷ್ಟು ಜಾಗ. ಅಂಥ ಕನೆಕ್ಟರ್ ಒಂದಲ್ಲ. ಟ್ಯಾಂಕ್ ಬುಡದಲ್ಲಿ ಒಂದು, ಪೋಲ್ ಬುಡದಲ್ಲಿ ಒಂದು, ಬ್ರಷ್ ಹತ್ತಿರ ನೀರನ್ನು ಎರಡು ಜೆಟ್‌ಗೆ ಹಂಚುವ ವೈ ಜಾಯಿಂಟು, ನಡುವೆ ಯಾಕಿದೆ ಅಂತ ದೇವರಿಗೇ ಗೊತ್ತು ಅನ್ನುವಂಥ, ಮೊಣಕೈ ಹಾಗೆ ಬಾಗಿದ ಎಲ್ಬೋ.

ಲೆಕ್ಕ ಕಷ್ಟದ್ದೇನಲ್ಲ. ಪೈಪಿನ ಒಳವ್ಯಾಸ ಅರ್ಧ ಆದರೆ, ಅಷ್ಟೇ ನೀರು ತಳ್ಳೋಕೆ ಕಡಿಮೆ ಅಂದರೂ 16 ಪಟ್ಟು ಒತ್ತಡ ಬೇಕು. ಎತ್ತರಕ್ಕೆ ಹೋಗುವ ಖರ್ಚು ಇದರ ಮುಂದೆ ಏನೂ ಅಲ್ಲ. 10 ಮೀಟರ್ ಮೇಲಕ್ಕೆ ನೀರು ಏರಿಸೋಕೆ ಸುಮಾರು 14 ಪಿಎಸ್‌ಐ ಸಾಕು. 100ರಲ್ಲಿ 14 ಕಳೆದರೆ ಉಳಿದದ್ದು ಎಲ್ಲಿ ಹೋಯಿತು? ಈ ಸಂದುಗೊಂದುಗಳಲ್ಲಿ ತಿಕ್ಕಾಡಿ ಸತ್ತಿತು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಕಡೆ ಪಂಪ್ ಮಾಡಿಸಿಕೊಂಡು ಬೆಂಗಳೂರಿಗೆ ಹತ್ತಿ ಬರುತ್ತೆ ಮಾರಾಯ್ರೆ. ನನ್ನ ಬೆನ್ನಿಂದ ಮೂರನೇ ಮಹಡಿಗೆ ಬರೋದಿಲ್ಲ.

ನನಗೆ ನಿಜವಾಗಿ ಸಿಟ್ಟು ಬಂದಿರೋದು ಇದಕ್ಕೆ. ಇದು ಗಾಜು ತೊಳೆಯೋಕೆ ಅಂತ ಯೋಚಿಸಿ ಮಾಡಿದ ಸಾಮಾನೇ ಅಲ್ಲ. ಟೊಮೆಟೊ, ಮೆಣಸಿನಕಾಯಿ ಗಿಡಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್‌ನ ಒಳಸಾಮಾನು ತೆಗೆದು, ಬಣ್ಣ ಬದಲಾಯಿಸಿ, ಸ್ಟಿಕ್ಕರ್ ಅಂಟಿಸಿ, ಬೆಲೆ ಏರಿಸಿದ್ದಾರೆ. ಸ್ಪ್ರೇಯರ್‌ಗೆ ಒತ್ತಡ ಬೇಕು, ನೀರು ಕಮ್ಮಿ ಸಾಕು. ಎಲೆ ಮೇಲೆ ಮಂಜು ಬಿದ್ದರೆ ಆಯಿತು. ಅಲ್ಲಿ ಸಣ್ಣ ಪೈಪ್ ಇದ್ದರೂ ನಡೆಯುತ್ತೆ. ಗಾಜಿಗೆ ತದ್ವಿರುದ್ಧ. ಬ್ರಷ್ ಬಿಡಿಸಿದ ಧೂಳನ್ನು ಕೆಳಗೆ ಇಳಿಸೋಕೆ ನಿಮಿಷಕ್ಕೆ ಒಂದೂವರೆ ಲೀಟರಾದರೂ ಹರಿದು ಬರಬೇಕು. ಒತ್ತಡ ಹೆಸರಿಗೆ ಇದ್ದರೆ ಸಾಕು. ಕೆಲವು ಗಾಜಿನ ಮೇಲೆ ನೀರು ಹರಡದೆ ಮಣಿಮಣಿಯಾಗಿ ನಿಲ್ಲುತ್ತಲ್ಲ, ಅಲ್ಲಂತೂ ಇನ್ನೂ ಜಾಸ್ತಿ ಬೇಕು. ಮೆಟ್ರೋ ಕಾಮಗಾರಿ ಪಕ್ಕದ ಕಟ್ಟಡಗಳನ್ನು ತೊಳೆದವರಿಗೆ ಕೇಳಿ, ನೀರು ಸಾಲದಿದ್ದರೆ ಆ ಧೂಳು ಕೆಸರಾಗಿ ಕಿಟಕಿ ಕಟ್ಟಿನಲ್ಲೇ ಕೂತು, ಆಮೇಲೆ ಗಾಜಿನ ಮೇಲೆ ಗೆರೆ ಎಳೆಯುತ್ತೆ.

"ನಿಮಿಷಕ್ಕೆ 5 ಲೀಟರ್" ಅಂತಲೂ ಅದೇ ಡಬ್ಬದ ಮೇಲೆ ಇದೆ. ಅದು ಪೈಪೇ ಹಾಕದೆ, ಬಾಯಿ ತೆರೆದು ಬಿಟ್ಟಾಗಿನ ಲೆಕ್ಕ. 100 ಪಿಎಸ್‌ಐ ಅನ್ನೋದು ಬಾಯಿ ಪೂರ್ತಿ ಮುಚ್ಚಿ ಪಂಪ್ ಆಫ್ ಆಗುವಾಗಿನ ಲೆಕ್ಕ. ಎರಡೂ ಒಟ್ಟಿಗೆ ಯಾವತ್ತೂ ಸಿಗೋದಿಲ್ಲ. ಗೊತ್ತಿದ್ದೇ ಎರಡನ್ನೂ ಅಕ್ಕಪಕ್ಕ ಬರೆಯುತ್ತಾರೆ. ದಾರಿ ಕಿರಿದಾದರೆ ಪಂಪ್ ಪಾಪ ಏನು ಮಾಡುತ್ತೆ, ಒತ್ತಡ ಏರಿ ಸ್ವಿಚ್ ಆಫ್, ಇಳಿದು ಆನ್, ಮತ್ತೆ ಆಫ್. ಬೆನ್ನ ಮೇಲೆ ಇಡೀ ದಿನ ಟರ್ ಟರ್ ಟರ್. ಆ ಸದ್ದು ಕೇಳಿಯೂ ಪಂಪ್ ವೀಕ್ ಅನ್ನುವವನಿಗೆ ಏನು ಹೇಳಬೇಕು? ಪಂಪ್ ಗಟ್ಟಿಯಾಗಿದೆ, ಮುಂದೆ ದಾರಿ ಕಟ್ಟಿದೆ ಅಂತ ತಾನೇ ಅದು ಕೂಗುತ್ತಿರೋದು?

ಟ್ಯಾಂಕ್ ಮುಚ್ಚಳದ ಕಥೆ ಕೇಳಿ. ಗಾಳಿ ಒಳಗೆ ಬರೋಕೆ ಸೂಜಿ ಮೊನೆಯಷ್ಟು ಒಂದು ತೂತು. ಧೂಳು ಮುಚ್ಚಿಕೊಂಡರೆ ಮುಗಿಯಿತು. ಪಂಪ್ ನೀರು ಎಳೆದ ಹಾಗೆ ಟ್ಯಾಂಕ್ ಒಳಗೆ ಗಾಳಿ ಖಾಲಿ, ಬದಿಗಳು ಒಳಕ್ಕೆ ಕುಗ್ಗುತ್ತವೆ, ನೀರು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ "ಉಸ್ಸ್" ಅಂತ ಗಾಳಿ ಎಳೆದುಕೊಂಡು ಮತ್ತೆ ಶುರು. ಬಿಗಿ ಮಾಡದೆ ಬಿಟ್ಟರೆ ಬಗ್ಗಿದಾಗ ನೀರೆಲ್ಲ ಕತ್ತಿನ ಮೇಲೆ. ಒಂದು ರಬ್ಬರ್ ವಾಲ್ವ್ ಹಾಕೋಕೆ ಇವರಿಗೆ ಎಷ್ಟು ಖರ್ಚಾಗುತ್ತಿತ್ತು?

ಆಮೇಲೆ ಆ ರೆಸಿನ್ ಕಾಳು. ಸಾಸಿವೆಗಿಂತ ಸಣ್ಣದು, ಜೇನಿನ ಬಣ್ಣ. ಫಿಲ್ಟರ್ ಜಾಲರಿ ಹರಿದಿದ್ದರೆ ತಪ್ಪಿಸಿಕೊಂಡು ಬಂದು ಸೀದಾ ಜೆಟ್ ತೂತಲ್ಲಿ ಕೂರುತ್ತೆ. ನೀರಿನ ಧಾರೆ ಸೊಟ್ಟಗೆ ಪಕ್ಕದ ಗೋಡೆಗೆ ಹೊಡೆಯಿತೆಂದರೆ ಅದರದ್ದೇ ಕೆಲಸ. ಪಿನ್ನಿಂದ ಚುಚ್ಚಿದರೆ ಒಳಗೆ ಹೋಗಿ ಮತ್ತೆ ಬರುತ್ತೆ. ಜೆಟ್ ಬಿಚ್ಚಿ ಹಿಂದಿನಿಂದ ಊದಬೇಕು.

ಈಗ ನಾನು ಕೈಯಿಂದ ದುಡ್ಡು ಹಾಕಿ ಎಲ್ಲ ಬದಲಾಯಿಸಿದ್ದೇನೆ. ಯಾವ ಕಡೆ ಕಟ್ಟಿದೆ ಅಂತ ನೋಡೋಕೆ ಒಂದು ಲೀಟರ್ ಮಗ್ಗು, ಮೊಬೈಲ್ ಟೈಮರ್ ಸಾಕು. ಪಂಪಿನ ಬಾಯಿಂದ ಶುರು ಮಾಡಿ ಒಂದೊಂದೇ ಜಾಯಿಂಟ್ ಸೇರಿಸುತ್ತಾ ಮಗ್ಗು ತುಂಬೋಕೆ ಎಷ್ಟು ಹೊತ್ತು ಅಂತ ನೋಡಿ. ಎಲ್ಲಿ ಸಮಯ ದಿಢೀರ್ ಜಾಸ್ತಿ ಆಯಿತೋ ಅಲ್ಲೇ ಕಳ್ಳ. ನನಗೆ ಸಿಕ್ಕಿದ್ದು ಪೋಲ್ ಬುಡದ ಕನೆಕ್ಟರ್. ಅಗಲ ತೂತಿನದ್ದು ಹಾಕಿ, ಎಲ್ಬೋ ಕಿತ್ತು, ಪೋಲ್‌ನಿಂದ ನೇತಾಡುತ್ತಿದ್ದ ಹೆಚ್ಚುವರಿ ಪೈಪ್ ಕತ್ತರಿಸಿದೆ. ಬ್ಯಾಟರಿಯಿಂದ ಪಂಪಿಗೆ ಹೋಗುವ ಕೂದಲೆಳೆ ವೈರನ್ನೂ ದಪ್ಪದ್ದು ಮಾಡಿದೆ, ಬ್ಯಾಟರಿಯ ವೋಲ್ಟೇಜ್ ಅರ್ಧ ದಾರಿಯಲ್ಲೇ ಸೋರಿ ಹೋಗುತ್ತಿತ್ತು. ಹಳೆಯ ಪಂಪೇ ವಾಪಸ್ ಹಾಕಿದ್ದೇನೆ. ಎರಡೂ ಜೆಟ್‌ನಲ್ಲಿ ಧಾರೆ ಬರುತ್ತಿದೆ. ಆ "ವೀಕ್" ಪಂಪೇ!

ಇದನ್ನೆಲ್ಲ ನಾನ್ಯಾಕೆ ಮಾಡಬೇಕಿತ್ತು? ಹೊಸದಕ್ಕೆ ಕೊಡುವಷ್ಟು ದುಡ್ಡು ಕೊಟ್ಟೇ ತಂದದ್ದಲ್ವಾ? ಮೊನ್ನೆ ಆ ಮಾರಿದವನೇ ಫೋನ್ ಮಾಡಿದ. ಹೊಸ ಮಾಡೆಲ್ ಬಂದಿದೆಯಂತೆ, 130 ಪಿಎಸ್‌ಐ ಅಂತೆ. ಪೈಪಿನ ಒಳವ್ಯಾಸ ಎಷ್ಟಪ್ಪಾ ಅಂದೆ. "ಸ್ಟ್ಯಾಂಡರ್ಡ್ ಸಾರ್" ಅಂದ. ಸ್ಟ್ಯಾಂಡರ್ಡ್ ಅಂದರೆ ಎಷ್ಟು ಎಂಎಂ ಅಂತ ಬಿಡದೆ ಕೇಳಿದೆ. ಕೇಳಿ ಹೇಳ್ತೀನಿ ಅಂದವನು ಇನ್ನೂ ಕೇಳುತ್ತಲೇ ಇದ್ದಾನೆ.