ಸ್ಪಷ್ಟನೆ: ಲಾಗ್‌ನ ತಪ್ಪು ಅನರ್ಹತೆಗೆ ಕಾರಣವಲ್ಲ

ನಿಗದಿತ ಅವಧಿಯಲ್ಲಿ ಆದಷ್ಟು ಹೆಚ್ಚು ನಿಲಯಗಳನ್ನು ಸಂಪರ್ಕಿಸುವ ಹವ್ಯಾಸಿ ರೇಡಿಯೊ ಸ್ಪರ್ಧೆಯಲ್ಲಿ ಕರೆಸಂಕೇತಗಳನ್ನು (ನಿಲಯಗಳ ಗುರುತಿನ ಅಕ್ಷರ-ಅಂಕಿಗಳನ್ನು) ತಪ್ಪಾಗಿ ಬರೆದುಕೊಂಡರೆ ಸ್ಪರ್ಧಿಯನ್ನು ಅನರ್ಹಗೊಳಿಸುತ್ತಾರೆ, ಅನರ್ಹಗೊಂಡವರ ಪರವಾನಗಿಯೂ ರದ್ದಾಗುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ. ಇದನ್ನು ನಂಬಿ ಹೊಸಬರು ಲಾಗ್ (ನಡೆಸಿದ ಸಂಪರ್ಕಗಳ ದಾಖಲೆ) ಕಳುಹಿಸಲು ಹಿಂಜರಿಯುತ್ತಿರುವುದು ಬೇಸರದ ಸಂಗತಿ.

ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತದಲ್ಲಿ 'ಎಚ್' ಅಕ್ಷರಕ್ಕೆ ನಾಲ್ಕು ಚುಕ್ಕಿ, 5ರ ಅಂಕಿಗೆ ಐದು. ಗದ್ದಲದ ನಡುವೆ ಒಂದು ಚುಕ್ಕಿ ಕೇಳಿಸದೆ ಹೋಗುವುದು ಪಳಗಿದವರಿಗೂ ಆಗುವಂಥದ್ದು. ಎರಡೂ ಕಡೆಯ ಲಾಗ್‌ಗಳನ್ನು ಕಂಪ್ಯೂಟರ್ ಹೋಲಿಸಿ ನೋಡಿದಾಗ ಇಂಥ ತಪ್ಪು ಸಿಕ್ಕರೆ ಆ ಸಂಪರ್ಕದ ಅಂಕ ಹೋಗುತ್ತದೆ, ಕೆಲವು ಸ್ಪರ್ಧೆಗಳಲ್ಲಿ ಹೆಚ್ಚುವರಿ ದಂಡವೂ ಬೀಳುತ್ತದೆ, ಅಷ್ಟೆ.

ಅನರ್ಹತೆಯ ಕಾರಣಗಳೇ ಬೇರೆ. 100 ವಾಟ್ ಮಿತಿಯ ವಿಭಾಗದಲ್ಲಿ ಹೆಸರು ಕೊಟ್ಟು ಅದಕ್ಕಿಂತ ಹೆಚ್ಚಿನ ಶಕ್ತಿ ಬಳಸುವುದು, ಹೊರಗಿನ ನೆರವಿಲ್ಲದ ವಿಭಾಗದಲ್ಲಿದ್ದು ಗುಟ್ಟಾಗಿ ಕ್ಲಸ್ಟರ್ (ಯಾವ ನಿಲಯ ಯಾವ ಆವರ್ತನದಲ್ಲಿದೆ ಎಂದು ತಿಳಿಸುವ ಜಾಲ) ನೋಡುವುದು, ನಡೆಯದ ಸಂಪರ್ಕಗಳನ್ನು ಸೇರಿಸುವುದು ಇವೆಲ್ಲ ಆ ಸಾಲಿಗೆ ಸೇರುತ್ತವೆ. ಅನೇಕರಿಗೆ ತಿಳಿಯದ ಇನ್ನೊಂದು ವಿಷಯವಿದೆ: ಸಿಕ್ಯು ವರ್ಲ್ಡ್‌ವೈಡ್‌ನಂಥ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ, ಅವಧಿ ಮುಗಿದ ಮೇಲೆ ದತ್ತಾಂಶಪಟ್ಟಿ ನೋಡಿಯೋ ಎದುರಿನವರನ್ನು ಇಮೇಲ್‌ನಲ್ಲಿ ಕೇಳಿಯೋ ಕರೆಸಂಕೇತಗಳನ್ನು ತಿದ್ದುವುದೇ ನಿಯಮಭಂಗ. ಹಾಗಾಗಿ ಕೇಳಿಸಿದ್ದನ್ನು ಕೇಳಿಸಿದಂತೆಯೇ ಕಳುಹಿಸಿದವರು ಹೆದರಬೇಕಾಗಿಲ್ಲ.

ಪರವಾನಗಿ ಕೊಡುವುದೂ ರದ್ದುಪಡಿಸುವುದೂ ಆಯಾ ದೇಶದ ಸರ್ಕಾರಿ ಪ್ರಾಧಿಕಾರದ ಕೆಲಸ. ಸ್ಪರ್ಧೆಯ ಸಮಿತಿಗೆ ಆ ಅಧಿಕಾರವಿಲ್ಲ. ಪರವಾನಗಿಯ ಮಿತಿಯನ್ನೇ ಮೀರಿ ಪ್ರಸಾರ ಮಾಡಿದ್ದರೆ ಅದು ಕಾನೂನಿನ ಪ್ರಶ್ನೆಯಾಗುತ್ತದೆ, ಅದರ ವಿಚಾರಣೆ ಬೇರೆಯೇ ನಡೆಯುತ್ತದೆ.