ಹೊಟ್ಟೆಯ ವಿದೇಶ ಪ್ರವಾಸ

88 ಸೆಂಟಿಮೀಟರ್ ಸೊಂಟದ ಗಂಡಸೊಬ್ಬ ಟೋಕಿಯೋದಲ್ಲಿ ವಿಮಾನ ಇಳಿದರೆ ಬೊಜ್ಜಿನವರ ಪಟ್ಟಿಗೆ ಸೇರುತ್ತಾನೆ. ಬೆಂಗಳೂರಿನಲ್ಲಿ ಇಳಿದರೆ ಸ್ವಲ್ಪದರಲ್ಲೇ ಪಾರು. ಪ್ಯಾರಿಸ್ಸಿನಲ್ಲಿ ಯಾರೂ ಅವನತ್ತ ನೋಡುವುದಿಲ್ಲ. ಷಿಕಾಗೋದಲ್ಲಿ ಇಳಿದರಂತೂ ‘ಊಟಗೀಟ ಸರಿಯಾಗಿ ಮಾಡ್ತೀಯೇನಪ್ಪಾ’ ಎಂದು ಕೇಳಿದರೂ ಕೇಳಿಯಾರು. ಹೊಟ್ಟೆ ಅದೇ, ಗೆರೆ ಬೇರೆ. ಗಂಡಸರ ಸೊಂಟಕ್ಕೆ ಜಪಾನಿನವರು ಹಾಕಿಕೊಂಡ ಮಿತಿ 85 ಸೆಂ.ಮೀ., ನಮ್ಮದು 90, ಯುರೋಪಿನವರದು 94, ಅಮೆರಿಕದ್ದು 102. ಹೆಂಗಸರಿಗೆ ನಮ್ಮಲ್ಲೂ ಯುರೋಪಿನಲ್ಲೂ 80, ಅಮೆರಿಕದಲ್ಲಿ 88. ಎಲ್ಲ ಕಡೆ ಹೆಂಗಸರ ಗೆರೆ ಗಂಡಸರದಕ್ಕಿಂತ ಬಿಗಿ. ಜಪಾನಿನಲ್ಲಿ ಮಾತ್ರ ಉಲ್ಟಾ, 90.

ಗೆರೆ ಬೇರೆಯಾದದ್ದು ಸಾಲದೆಂಬಂತೆ ಟೇಪು ಸುತ್ತುವ ಜಾಗವೂ ಬೇರೆ. ಜಪಾನಿನವರು ಹೊಕ್ಕುಳ ಮೇಲೆ ಹಿಡಿಯುತ್ತಾರೆ. ಅಮೆರಿಕದ ಸರ್ಕಾರಿ ಸಮೀಕ್ಷೆಯವರು ಸೊಂಟದ ಮೂಳೆಯ ಮೇಲಂಚಿಗೆ ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ. ಮನೆಯಲ್ಲಿ ಅಳೆದುಕೊಳ್ಳುವವರಿಗೆ ಈ ಕೊನೆಯದೇ ಸರಿ. ಬರಿ ಮೈಮೇಲೆ, ಟೇಪು ನೆಲಕ್ಕೆ ಸಮಾನಾಂತರವಾಗಿ, ಚರ್ಮಕ್ಕೆ ತಾಗಬೇಕು, ಒತ್ತಬಾರದು. ಉಸಿರನ್ನು ಸಹಜವಾಗಿ ಬಿಟ್ಟು, ಆ ಕ್ಷಣದಲ್ಲಿ ಓದಬೇಕು. ಎಡವಟ್ಟಾಗುವುದೇ ಇಲ್ಲಿ: ಟೇಪು ಕಂಡೊಡನೆ ಹೊಟ್ಟೆ ತಾನಾಗಿಯೇ ಒಳಕ್ಕೆ ಹೋಗುತ್ತದೆ. ಎರಡನೆಯ ಎಡವಟ್ಟು ಪ್ಯಾಂಟಿನ ಸೈಜನ್ನು ನಂಬುವುದು. ‘ಹತ್ತು ವರ್ಷದಿಂದ 34ನ್ನೇ ಹಾಕ್ತಿದ್ದೇನೆ’ ಎನ್ನುವವರನ್ನು ಪಕ್ಕದಿಂದ ನೋಡಬೇಕು. ಪ್ಯಾಂಟು ಹತ್ತು ವರ್ಷದಲ್ಲಿ ನಾಲ್ಕು ಬೆರಳು ಕೆಳಗಿಳಿದಿರುತ್ತದೆ, ಹೊಟ್ಟೆ ಬೆಲ್ಟಿನ ಮೇಲೆ ಬಾಲ್ಕನಿ ಕಟ್ಟಿಕೊಂಡಿರುತ್ತದೆ. ಉಡಿದಾರವೂ ಸಾಕ್ಷಿಗೆ ಬರುವುದಿಲ್ಲ, ಅದೂ ಜಾರಿ ಕೆಳಗೇ ಕೂತಿರುತ್ತದೆ.

ನಮ್ಮ ಗೆರೆ ಅಮೆರಿಕದವರದಕ್ಕಿಂತ 12 ಸೆಂ.ಮೀ. ಬಿಗಿ ಯಾಕೆ? 2004ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್ ತಮ್ಮಿಬ್ಬರ ಮೈಯನ್ನೇ ಉದಾಹರಣೆಗೆ ಒಡ್ಡಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, ಒಂದೇ, 22.3. ಎತ್ತರಕ್ಕೆ ತಕ್ಕ ತೂಕದ, ಕಣ್ಣಿಗೆ ಸಪೂರ ಕಾಣುವ ಇಬ್ಬರು. ಒಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಮೈಯಲ್ಲಿ 9.1 ಶೇಕಡಾ, ಯಾಜ್ಞಿಕ್ ಮೈಯಲ್ಲಿ 21.2. ನಮ್ಮವರಲ್ಲಿ ಕೈಕಾಲು ಕಡ್ಡಿಯಂತಿದ್ದರೂ ಕೊಬ್ಬು ಹೊಟ್ಟೆಯೊಳಗೆ, ಕರುಳು ಪಿತ್ತಜನಕಾಂಗಗಳ ಸುತ್ತ ಸೇರಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಗೆ ಬೇಕಾದದ್ದು ಅಲ್ಲಿನ ಕೊಬ್ಬೇ. ಹಾಗಾಗಿ ತೂಕದ ಯಂತ್ರಕ್ಕೆ ಕಾಸು ಹಾಕಿ ಚೀಟಿ ನೋಡಿ ಖುಷಿಪಡುವುದು ನಮ್ಮ ದೇಶದವರಿಗೆ ಅಷ್ಟಾಗಿ ಹೇಳಿ ಮಾಡಿಸಿದ್ದಲ್ಲ. ಟೇಪೇ ವಾಸಿ.

ಜಪಾನಿನವರು ಟೇಪನ್ನು ಕಾನೂನಿಗೇ ತಂದುಬಿಟ್ಟರು. 2008ರ ಏಪ್ರಿಲ್‌ನಿಂದ 40ರಿಂದ 74 ವರ್ಷದವರಿಗೆ ವಾರ್ಷಿಕ ತಪಾಸಣೆಯಲ್ಲಿ ಸೊಂಟ ಅಳೆಯುವ ವ್ಯವಸ್ಥೆ ಇದೆ. ಡೊಳ್ಳು ಬಂದವನಿಗೆ ಅಲ್ಲಿ ದಂಡ ಹಾಕುತ್ತಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಓಡಾಡಿದರೆ ನಂಬಬೇಡಿ. ಅವನಿಗೆ ಸಿಗುವುದು ಸಲಹೆ. ಗುರಿ ತಪ್ಪಿದರೆ ಹೊರೆ ಬೀಳುವುದು ವಿಮಾ ಸಂಘಗಳ ಮೇಲೆ. ಆದರೆ ಜಪಾನಿನವರು ಟೇಪಿನಿಂದ ತೆಳ್ಳಗಾದವರಲ್ಲ, 2008ಕ್ಕೆ ಮುಂಚೆಯೂ ತೆಳ್ಳಗೇ ಇದ್ದರು. ಒಂದು ಬಟ್ಟಲಿಗೆ ಸುಮಾರು 150 ಗ್ರಾಂ ಅನ್ನ. ಶಾಲೆಯ ಮಧ್ಯಾಹ್ನದ ಊಟಕ್ಕೆ 1954ರಿಂದಲೇ ಕಾಯಿದೆ. ಮಕ್ಕಳೇ ಬಡಿಸಿಕೊಂಡು, ಎಲ್ಲರೂ ಅದನ್ನೇ ತಿನ್ನುತ್ತಾರೆ. ದೊಡ್ಡವರು ಮನೆಯಿಂದ ರೈಲು ನಿಲ್ದಾಣಕ್ಕೆ, ನಿಲ್ದಾಣದ ಮೆಟ್ಟಿಲಿಗೆ, ಅಲ್ಲಿಂದ ಆಫೀಸಿಗೆ ನಡೆಯುತ್ತಾರೆ. ಅದನ್ನು ಅವರು ವ್ಯಾಯಾಮ ಎಂದು ಎಣಿಸುವುದೂ ಇಲ್ಲ.

ಇದಕ್ಕೆಲ್ಲ ಜಪಾನೀ ರಕ್ತವೇ ಕಾರಣ ಎನ್ನುವವರು ಒಕಿನಾವಾ ನೋಡಬೇಕು. ಹೊಟ್ಟೆ ಹತ್ತರಲ್ಲಿ ಎಂಟು ಪಾಲು ತುಂಬಿದಾಗಲೇ ಏಳಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದ ಜಪಾನಿನದೇ ದ್ವೀಪ ಅದು. ಹಳಬರು ಬಹುಪಾಲು ಸಿಹಿಗೆಣಸು ತಿಂದು, ತೋಟ ಅಗೆದು ನೂರು ವರ್ಷ ಬದುಕಿ ಜಗತ್ತಿನಲ್ಲಿ ಹೆಸರಾದರು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ರೈಲು ನಾಶವಾಯಿತು. 1972ರವರೆಗೆ ಆಡಳಿತ ಅಮೆರಿಕದ್ದು. ಸೈನ್ಯದ ನೆಲೆಗಳ ಜೊತೆ ಡಬ್ಬಿ ಮಾಂಸ ಬಂತು, 1963ರಲ್ಲಿ ಕಾರಿನಲ್ಲಿ ಕೂತೇ ಬರ್ಗರ್ ತಿನ್ನುವ ಹೋಟೆಲ್ ಬಂತು. ಮತ್ತೆ ರೈಲು ಎಂಬುದು ಬಂದದ್ದು 2003ರಲ್ಲಿ, ಅದೂ ನಾಹಾ ನಗರದೊಳಗಿನ ಮೊನೊರೈಲು. ಅಷ್ಟರಲ್ಲಿ ಜನ ಕಾರಿಗೆ ಒಗ್ಗಿಹೋಗಿದ್ದರು. 2000ದ ಲೆಕ್ಕದಲ್ಲಿ ಒಕಿನಾವಾ ಗಂಡಸರ ಆಯಸ್ಸು 47 ಪ್ರಾಂತ್ಯಗಳಲ್ಲಿ 26ನೆಯ ಸ್ಥಾನಕ್ಕೆ ಕುಸಿದಾಗ ಇಡೀ ಜಪಾನ್ ಬೆಚ್ಚಿತು. ಅಜ್ಜ ಮೊಮ್ಮಗನ ರಕ್ತ ಒಂದೇ, ಗಾಡಿ ಬೇರೆ, ತಟ್ಟೆ ಬೇರೆ.

ಇದಕ್ಕಿಂತ ಕಟುವಾದ ಕಥೆ ಪೀಮಾ ಜನರದು. ಒಂದೇ ಬುಡಕಟ್ಟು, ನಡುವೆ ಅಮೆರಿಕ–ಮೆಕ್ಸಿಕೋ ಗಡಿ. ಅರಿಜೋನಾ ಕಡೆಯವರು ಗಿಲಾ ನದಿಯ ಕಾಲುವೆ ನೀರಿನಲ್ಲಿ ಮೆಕ್ಕೆಜೋಳ, ಬೀನ್ಸ್ ಬೆಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೇಲ್ದಂಡೆಯ ವಲಸಿಗ ರೈತರು ನೀರು ತಿರುಗಿಸಿಕೊಂಡರು, ಹೊಲ ಒಣಗಿತು. ಆಮೇಲೆ ಸರ್ಕಾರ ಹಂಚಿದ್ದು ಮೈದಾ, ಹಂದಿಕೊಬ್ಬು, ಸಕ್ಕರೆ. ಮೆಕ್ಸಿಕೋದ ಮೈಕೋಬಾ ಬೆಟ್ಟದಲ್ಲಿ ಉಳಿದವರು ಉತ್ತಿ ಬಿತ್ತಿ ಅದೇ ಹಳೆಯ ಊಟ ಉಣ್ಣುತ್ತಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅರಿಜೋನಾದ ಪೀಮಾ ವಯಸ್ಕರಲ್ಲಿ 38 ಶೇಕಡಾ ಮಂದಿಗೆ ಸಕ್ಕರೆ ಕಾಯಿಲೆ, ಮೈಕೋಬಾದವರಲ್ಲಿ 6.9ಕ್ಕೆ ಮಾತ್ರ. ಬಾಯಿಚಪಲದಿಂದ ದಪ್ಪಗಾದರು ಎಂದು ಅವರನ್ನು ಆಡಿಕೊಳ್ಳುವ ಮುಂಚೆ ನೀರು ಯಾರ ಹೊಲಕ್ಕೆ ಹೋಯಿತೆಂದು ಕೇಳಬೇಕು. ಪೆಸಿಫಿಕ್ ಸಾಗರದ ಸಮೋವಾ ದ್ವೀಪದವರು 2007ರಲ್ಲಿ ಟರ್ಕಿ ಕೋಳಿಯ ಬಾಲದ ಆಮದನ್ನೇ ನಿಷೇಧಿಸಿದ್ದರು. ಅದರಲ್ಲಿ ಕೊಬ್ಬು ವಿಪರೀತ. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವಾಗ ಆ ನಿಷೇಧವನ್ನು ಬಿಟ್ಟುಕೊಡಬೇಕಾಯಿತು.

ನ್ಯೂಜೆರ್ಸಿಗೋ ಡಲ್ಲಾಸಿಗೋ ಹೋಗಿ ನೆಲೆಸಿದ ಕನ್ನಡಿಗರು ಅಲ್ಲಿನ 102ನ್ನು ನೋಡಿ ನೆಮ್ಮದಿಯಾಗುವಂತಿಲ್ಲ. ಬಿಎಂಐ 23 ಮುಟ್ಟಿದರೆ ಏಷ್ಯಾ ಮೂಲದವರಿಗೆ ಸಕ್ಕರೆ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಮಧುಮೇಹ ಸಂಘವೇ 2015ರಲ್ಲಿ ಹೇಳಿತು; ಉಳಿದವರಿಗೆ ಆ ಅಂಕಿ 25. ಅಲ್ಲಿನ 355 ಮಿಲಿಲೀಟರ್ ಕೋಲಾ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ, ಅಂದರೆ ಸುಮಾರು ಹತ್ತು ಟೀ ಚಮಚ. ಅಷ್ಟನ್ನು ಕಾಫಿಗೆ ಹಾಕಿದರೆ ಯಾರೂ ಕುಡಿಯಲಾರರು. ತಣ್ಣಗೆ, ಹುಳಿ ಬೆರೆತು ಬಂದರೆ ಗಂಟಲಿಗೆ ಗೊತ್ತೇ ಆಗುವುದಿಲ್ಲ.

ಊರಲ್ಲೇ ಇರುವವರ ಕಥೆ ಎಲೆಯ ಮೇಲಿದೆ. ಸಾರಿಗೊಂದು ಸಲ, ಹುಳಿಗೊಂದು ಸಲ, ಮೊಸರಿಗೊಂದು ಸಲ ಅನ್ನ. ಮೂರೂ ಸೇರಿದರೆ ಜಪಾನಿನ ಬಟ್ಟಲಿನ ಮೂರರಷ್ಟು ಸಲೀಸಾಗಿ ಇಳಿದಿರುತ್ತದೆ. ಗುದ್ದಲಿ ಹಿಡಿದವನಿಗೆ ಅದು ಬೇಕಿತ್ತು, ಲಿಫ್ಟ್ ಹತ್ತುವವನಿಗೆ ಬೇಡ. ಅನ್ನವಾದರೂ ಕಣ್ಣಿಗೆ ಕಾಣುತ್ತದೆ, ಎಣ್ಣೆ ಕಾಣುವುದಿಲ್ಲ. ಅದನ್ನು ಹಿಡಿಯಲು ತಿಂಗಳ ದಿನಸಿ ಚೀಟಿ ತೆಗೆಯಬೇಕು. ನಾಲ್ವರ ಮನೆಗೆ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಅಂದರೆ 270 ಕ್ಯಾಲೊರಿ. ತುಪ್ಪ, ತೆಂಗಿನಕಾಯಿ, ಬೇಕರಿಯ ಪಫ್ ಇದರಲ್ಲಿ ಸೇರಿಲ್ಲ. 2 ಲೀಟರಿಗೆ ಇಳಿಸಿದರೆ ಇದರ ಅರ್ಧ ಉಳಿಯುತ್ತದೆ, ಒಗ್ಗರಣೆಯ ಘಮಕ್ಕೇನೂ ಕೊರತೆಯಾಗದು. ಸಾಸಿವೆ ಸಿಡಿಯಲು ಒಂದು ಚಮಚ ಧಾರಾಳ. ಹಬ್ಬದ ತಿಂಗಳ ಚೀಟಿಯನ್ನು ಮಾತ್ರ ನಂಬಬೇಡಿ: ಚಕ್ಕುಲಿ ಕರಿದು ಮಿಕ್ಕ ಎಣ್ಣೆ ಮುಚ್ಚಿದ ಬಾಣಲೆಯಲ್ಲಿ ಕೂತು, ಮುಂದಿನ ತಿಂಗಳ ಪಲ್ಯಗಳಲ್ಲಿ ಲೆಕ್ಕಕ್ಕೆ ಸಿಗದೆ ಖರ್ಚಾಗುತ್ತಿರುತ್ತದೆ.