ಟಿಶ್ಯೂ ಹಂಚಿ ಪರಿಸರ ಉಳಿಸಿದರು

ಜೂನ್ 5ಕ್ಕೆ ನಮ್ಮ ಆಫೀಸಿನಲ್ಲಿ ವಿಶ್ವ ಪರಿಸರ ದಿನ ಮಾಡಿದರು. ತಲೆಗೊಂದು ಕಿಟ್. ಖಾಕಿ ಕಾಗದದ ಚೀಲ, ಅದರೊಳಗೆ ಒಂದು ತುಳಸಿ ಸಸಿ, ಜೊತೆಗೆ ಬಿದಿರಿನಿಂದ ಮಾಡಿದ ಟಿಶ್ಯೂ ಪ್ಯಾಕೆಟ್. ಪ್ಯಾಕೆಟ್ ಮೇಲೆ ಹಸಿರು ಎಲೆಯ ಚಿತ್ರ. ಆ ಚಿತ್ರ ಅಚ್ಚಾಗಿದ್ದದ್ದು ಪ್ಲಾಸ್ಟಿಕ್ ಕವರಿನ ಮೇಲೆ. ಮರಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ ಸಾಹೇಬರು ನಡುವೆ ಹಣೆ ಒರೆಸಿಕೊಳ್ಳಲು ಸರ್ರ್ ಸರ್ರ್ ಅಂತ ಆರು ಟಿಶ್ಯೂ ಎಳೆದರು. ನಾನು ಜೇಬಿನಿಂದ ಕರ್ಚೀಫು ತೆಗೆದು ಮುಖ ಒರೆಸಿ, ಮಡಚಿ, ವಾಪಸ್ ಜೇಬಿಗೆ ಹಾಕಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೊಸ ಹುಡುಗ ನೋಡಿಯೇ ನೋಡಿದ. ನಾನು ಜೇಬಿನಿಂದ ಹಲ್ಲಿ ತೆಗೆದು ಮತ್ತೆ ಒಳಗೆ ಬಿಟ್ಟುಕೊಂಡವನ ಹಾಗೆ.

"ಸರ್, ಅದನ್ನ ಹಾಗೇ ಜೇಬಲ್ಲಿ ಇಟ್ಕೋತೀರಾ?"

ಇಟ್ಕೊಳ್ಳದೆ ಇನ್ನೇನಪ್ಪಾ, ಬ್ಯಾಂಕಿನ ಲಾಕರ್‌ನಲ್ಲಿ ಇಡಲಾ?

ಪುಸ್ತಕದಲ್ಲಿ ಅದು ಕರವಸ್ತ್ರ, ನಮ್ಮೆಲ್ಲರ ಬಾಯಲ್ಲಿ ಕರ್ಚೀಫು. ಎಲ್‌ಕೆಜಿಗೆ ಸೇರಿದ ದಿನವೇ ಅದನ್ನು ಮಡಚಿ ಎದೆಗೆ ಪಿನ್ನು ಚುಚ್ಚಿ ಕಳಿಸುತ್ತಿದ್ದರು, ಮೂಗಿಗೆ ತೋಳು ಬಳಸದಿರಲಿ ಅಂತ. ನಾವು ತೋಳನ್ನೇ ಬಳಸಿದೆವು, ಅದು ಬೇರೆ ಮಾತು. ಬಸ್ಸಿನ ಕಂಡಕ್ಟರು ಅದನ್ನು ಕಾಲರಿನ ಒಳಗೆ ಸುತ್ತಿಕೊಳ್ಳುತ್ತಾರೆ. ಬೈಕಿನವರು ಧೂಳಿಗೆ ಅಂತ ಮುಖಕ್ಕೆ ಕಟ್ಟಿಕೊಂಡು ಚಂಬಲ್ ಕಣಿವೆಯವರ ಹಾಗೆ ಸಿಗ್ನಲ್‌ನಲ್ಲಿ ನಿಲ್ಲುತ್ತಾರೆ. ಅಂಗಡಿಯಲ್ಲಿ ಚೀಲ ಕೊಡದಿದ್ದರೆ ನಾಲ್ಕು ನಿಂಬೆಹಣ್ಣು, ಎರಡು ಕಟ್ಟು ವೀಳ್ಯದೆಲೆಯನ್ನು ಅದರಲ್ಲೇ ಕಟ್ಟಿಕೊಂಡು ಬರಬಹುದು. 2020ರ ಏಪ್ರಿಲ್‌ನಲ್ಲಿ ಮಾಸ್ಕ್ ಸಿಗದಿದ್ದಾಗ ಇಡೀ ದೇಶವೇ ಕರ್ಚೀಫಿಗೆ ಎರಡು ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಂಡಿತು. ಪ್ರಧಾನಿಯವರೇ ಟಿವಿಯಲ್ಲಿ ಗಮ್ಚಾ ಸುತ್ತಿಕೊಂಡು ಬಂದರು. ಆಗ ಯಾರೂ ಗಲೀಜು ಅನ್ನಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಬಸ್ ಸೀಟಿನದು. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದರೆ ಮುಗಿಯಿತು, ಆ ಸೀಟು ನಿಮ್ಮದು. ಯಾವ ಕಾನೂನಿನ ಪುಸ್ತಕದಲ್ಲೂ ಇದು ಇಲ್ಲ, ಆದರೆ ನಮ್ಮ ನಾಡಿನಲ್ಲಿ ನೋಂದಣಿ ಕಚೇರಿಯ ಪತ್ರಕ್ಕಿಂತ ಇದಕ್ಕೆ ಬೆಲೆ ಜಾಸ್ತಿ. ಯಾರಾದರೂ ತಗಾದೆ ತೆಗೆದರೆ ಇಡೀ ಬಸ್ಸು ಕರ್ಚೀಫಿನ ಪರ ಸಾಕ್ಷಿ ಹೇಳುತ್ತದೆ. ರಾಜಕೀಯದವರು ಇದನ್ನು ಇನ್ನೂ ಎತ್ತರಕ್ಕೆ ಒಯ್ದಿದ್ದಾರೆ. ಮುಖ್ಯಮಂತ್ರಿ ಕುರ್ಚಿ ಖಾಲಿಯಾಗುವ ವಾಸನೆ ಬಂದರೆ ಸಾಕು, ಯಾರು ಯಾರು ಟವೆಲ್ ಹಾಕಿದ್ದಾರೆ ಅಂತ ಪೇಪರಿನವರು ಎಣಿಸುತ್ತಾರೆ. ವಿಧಾನಸೌಧದಲ್ಲಿ ಯಾರಾದರೂ ಕುರ್ಚಿಗೆ ಟಿಶ್ಯೂ ಹಾಕಿದ್ದು ಕೇಳಿದ್ದೀರಾ? ಫ್ಯಾನ್ ಹಾಕಿದರೆ ಹಾರಿಹೋಗುತ್ತೆ.

ಇನ್ನು ಟಿಶ್ಯೂ. ಇದು ಹುಟ್ಟಿದ್ದು ಮೂಗಿಗಾಗಿ ಅಲ್ಲವೇ ಅಲ್ಲ. 1924ರಲ್ಲಿ ಅಮೆರಿಕದಲ್ಲಿ ಕ್ಲೀನೆಕ್ಸ್ ಅಂತ ಬಂದಾಗ ಅದು ಹೆಂಗಸರು ಮುಖದ ಕೋಲ್ಡ್ ಕ್ರೀಮ್ ಒರೆಸಿಕೊಳ್ಳುವ ಕಾಗದ. ಕೊಂಡವರು ಅದರಲ್ಲಿ ಮೂಗು ಒರೆಸಿಕೊಳ್ಳುತ್ತಿರುವುದು ಗೊತ್ತಾದ ಮೇಲೆ ಕಂಪನಿ 1930ರ ಸುಮಾರಿಗೆ ಜಾಹೀರಾತನ್ನೇ ತಿರುಗಿಸಿತು. ನೆಗಡಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಬೇಡಿ ಅಂತ ಹೇಳತೊಡಗಿತು. ಆ ಜಾಹೀರಾತು ತೊಂಬತ್ತು ವರ್ಷ ಪ್ರಯಾಣ ಮಾಡಿ ನಮ್ಮ ಆಫೀಸಿನ ಹುಡುಗನ ಬಾಯಿಗೆ ಬಂದು ಇಳಿದಿದೆ. ನಮ್ಮ ಔಟರ್ ರಿಂಗ್ ರೋಡಿನ ವೇಗಕ್ಕೆ ಹೋಲಿಸಿದರೆ ಬೇಗನೇ ಬಂತು ಅನ್ನಿ.

ಒಂದು ಮಾತು ಒಪ್ಪುತ್ತೇನೆ. ಜೋರು ನೆಗಡಿ ಇದ್ದಾಗ ಕರ್ಚೀಫು ದೇವರಿಗೇ ಪ್ರೀತಿ. ಆಗ ಟಿಶ್ಯೂನೇ ಸರಿ, ಸೀನಿ ಮುಚ್ಚಳದ ಬುಟ್ಟಿಗೆ ಹಾಕಿ ಕೈ ತೊಳೆಯಿರಿ. ಇನ್ನೊಂದನ್ನೂ ಒಪ್ಪಬೇಕು. ಕರ್ಚೀಫನ್ನು ಹಾಡಿ ಹೊಗಳುವ ನನ್ನಂಥ ಗಂಡಸರು ಅದನ್ನು ಒಗೆದ ದಾಖಲೆ ಇಲ್ಲ. ಭಾನುವಾರ ನಮ್ಮಮ್ಮ ಮನೆಯವರ ಕರ್ಚೀಫುಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ, ಕೋಲಿನಲ್ಲಿ ತಿರುವಿ, ಮುಖ ಆಚೆ ತಿರುಗಿಸಿಕೊಂಡು ಸೋಪು ಹಚ್ಚುತ್ತಿದ್ದಳು. ಅವಳನ್ನು ಕೇಳಿದ್ದರೆ ಅವತ್ತೇ ಟಿಶ್ಯೂ ಪಕ್ಷ ಸೇರುತ್ತಿದ್ದಳೋ ಏನೋ.

ಆದರೆ ನೆಗಡಿ ಇಲ್ಲದವರಿಗೂ ಟಿಶ್ಯೂ ಬೇಕು, ನೋಡಿ, ತಮಾಷೆ ಇರುವುದು ಅಲ್ಲಿ. ನಮ್ಮ ದರ್ಶಿನಿಗಳಲ್ಲಿ ಒಂದು ಟಿಶ್ಯೂವನ್ನು ನಾಲ್ಕು ತುಂಡು ಮಾಡಿ ಸ್ಟೀಲ್ ಲೋಟಕ್ಕೆ ಸಿಕ್ಕಿಸಿ, ಕ್ಯಾಷಿಯರ್ ಕಣ್ಣಳತೆಯಲ್ಲಿ ಇಟ್ಟಿರುತ್ತಾರೆ. ಎರಡು ತೆಗೆದರೆ ಅವರು ಕೆಮ್ಮುತ್ತಾರೆ. ಬೆಣ್ಣೆ ಮಸಾಲೆ ತಿಂದ ಕೈಗೆ ಅದನ್ನು ಉಜ್ಜಿದರೆ ಬೆಣ್ಣೆ ಹೋಗುವುದಿಲ್ಲ, ಟಿಶ್ಯೂ ಹೋಗುತ್ತದೆ. ಚೂರು ಚೂರಾಗಿ ಬೆರಳಿಗೆ ಅಂಟುತ್ತದೆ. ಅದನ್ನು ಬಿಡಿಸಲು ಇನ್ನೊಂದು. ಇನ್ನೊಂದು ತೆಗೆಯಲು ಧೈರ್ಯ ಬೇಕು. ಕೊನೆಗೆ ಆಚೀಚೆ ನೋಡಿ, ಪ್ಯಾಂಟಿಗೆ ಒರೆಸಿಕೊಂಡು ಕಾಫಿ ಟೋಕನ್ ಹಿಡಿದು ಹೊರಡುವುದು. ಹಾಗೆ ನೋಡಿದರೆ ಇವತ್ತಿನ ಬೆಂಗಳೂರಿನ ಅಸಲಿ ಕರ್ಚೀಫು ಜೀನ್ಸ್ ಪ್ಯಾಂಟು.

ಮದುವೆ ಊಟದ ಕಥೆ ಇನ್ನೂ ಚೆನ್ನಾಗಿದೆ. ಎಲೆ ಹಾಕಿದ ಮೇಲೆ ಮೊದಲು ಉಪ್ಪು ಬಡಿಸುತ್ತಿದ್ದ ಕಾಲ ಹೋಯಿತು. ಈಗ ಮೊದಲ ಐಟಂ ಟಿಶ್ಯೂ. ಹೋದ ತಿಂಗಳು ಒಂದು ಮದುವೆಯಲ್ಲಿ ನಮ್ಮ ದೊಡ್ಡಪ್ಪ ಎಲೆ ಮೇಲೆ ಬಿದ್ದ ಬೆಳ್ಳಗಿನ ಮಡಿಕೆ ನೋಡಿ, "ಏನಯ್ಯಾ ಇದು, ಮಂಡಿಗೇನಾ?" ಅಂದರು. ಮನಸ್ಸಿನಲ್ಲೇ ಮಂಡಿಗೆ ತಿನ್ನೋದು ಅಂದರೆ ಇದೇ ಇರಬೇಕು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಅದು ಎದ್ದು ಪಕ್ಕದವರ ಸಾರಿನಲ್ಲಿ ಇಳಿಯಿತು. ಊಟ ಆದ ಮೇಲೆ ಎಲ್ಲರೂ ಅದರಲ್ಲಿ ಬಾಯಿ ಒರೆಸಿ ಎಲೆಯೊಳಗೇ ಇಟ್ಟು ಮಡಚಿದರು. ಮೊದಲಾದರೆ ಆ ಎಲೆ ದನಕ್ಕೆ ಹೋಗುತ್ತಿತ್ತು. ಈಗ ಎಲೆಯೊಳಗೆ ಟಿಶ್ಯೂ, ಐಸ್‌ಕ್ರೀಂ ಕಪ್ಪು, ನೀರಿನ ಪುಟ್ಟ ಬಾಟಲಿಯ ಮುಚ್ಚಳ. ದನ ಇಷ್ಟನ್ನೂ ಬಿಡಿಸಿಕೊಂಡು ತಿನ್ನಬೇಕಾದರೆ ಅದಕ್ಕೊಂದು ಡಿಪ್ಲೊಮಾ ಬೇಕು.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿಲ್ಲದಾಗ ಟಿಶ್ಯೂ ಪಕ್ಷಕ್ಕೆ ಒಳ್ಳೇ ಅಸ್ತ್ರ ಸಿಕ್ಕಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಕಾಲ ಅದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು, ಬಟ್ಟೆ ಕರ್ಚೀಫು ಒಗೆಯುವುದು ನೀರಿನ ದುಂದು, ಎಲ್ಲರೂ ಟಿಶ್ಯೂಗೆ ಬನ್ನಿ ಅಂತ ವಾಟ್ಸಾಪ್‌ನಲ್ಲಿ ಕರೆ ಕೊಟ್ಟರು. ಕಾಗದ ಮಾಡಲು ಬಕೆಟ್‌ಗಟ್ಟಲೆ ನೀರು ಬೇಕು ಸ್ವಾಮಿ ಅಂದರೆ, "ಅದು ನಮ್ಮ ಅಪಾರ್ಟ್‌ಮೆಂಟ್ ನೀರಲ್ಲವಲ್ಲ" ಅಂದರು. ಉತ್ತರ ಕೊಡಲು ಆಗಲಿಲ್ಲ. ಅವರದು ಸ್ಪಷ್ಟವಾದ ನಿಲುವು. ಕರ್ಚೀಫು ಗಲೀಜು, ಯಾಕೆಂದರೆ ಅದು ನಮ್ಮ ಜೇಬಿನಲ್ಲೇ ಉಳಿಯುತ್ತದೆ. ಟಿಶ್ಯೂ ಶುದ್ಧ, ಯಾಕೆಂದರೆ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ.

ಆ ಇನ್ನೊಬ್ಬರು ಯಾರು ಅನ್ನೋದು ಅದೇ ಗ್ರೂಪಿನಲ್ಲಿ ಗೊತ್ತಾಯಿತು. ಹೈಕೋರ್ಟು 2015ರಲ್ಲೇ ಎರಡು ಬುಟ್ಟಿ ಒಂದು ಚೀಲದಲ್ಲಿ ಕಸ ಬೇರೆ ಮಾಡಿ ಅಂದಿದೆ. ಸರಿ, ಸಾಂಬಾರು ಒರೆಸಿದ ಟಿಶ್ಯೂ ಹಸಿ ಕಸವೋ, ಒಣ ಕಸವೋ? ಸಾಂಬಾರು ಹಸಿ, ಟಿಶ್ಯೂ ಒಣ. ಮೂರನೇ ಬ್ಲಾಕಿನವರು ಹಾಗಾದರೆ ಒಣಗಿಸಿ ಹಾಕೋಣ ಅಂದರು. ಟಿಶ್ಯೂವನ್ನು ಬಿಸಿಲಿಗೆ ಹರವುವ ಮಟ್ಟಕ್ಕೆ ಬಂದ ಮೇಲೆ ಕರ್ಚೀಫಿಗೂ ಅದಕ್ಕೂ ಏನು ವ್ಯತ್ಯಾಸ ಉಳಿಯಿತು ಅಂತ ನಾನು ಕೇಳಿದೆ, ಅಡ್ಮಿನ್ ನನ್ನನ್ನು ಒಂದು ವಾರ ಗ್ರೂಪಿನಿಂದ ತೆಗೆದರು. ಬೆಳಿಗ್ಗೆ ಕಸದ ಆಟೋದ ಅಮ್ಮ ಬಂದು ಎಲ್ಲರ ಬುಟ್ಟಿಗೂ ಕೈ ಹಾಕಿ ಅದನ್ನೆಲ್ಲ ಬಿಡಿಸಿ ಬೇರೆ ಮಾಡಿದರು. ಆಮೇಲೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡರು.

ಹೋದ ಶನಿವಾರ ಊರಿಗೆ ಹೊರಟೆ. ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸು. ಜನ ಅಂದರೆ ಜನ. ಕಿಟಕಿ ಹತ್ತಿರ ಓಡಿ ಜೇಬಿಗೆ ಕೈ ಹಾಕಿದರೆ ಕರ್ಚೀಫು ಇಲ್ಲ, ಮನೆಯಲ್ಲೇ ಬಿಟ್ಟಿದ್ದೆ. ಸಿಕ್ಕಿದ್ದು ಪರಿಸರ ದಿನದ ಬಿದಿರಿನ ಟಿಶ್ಯೂ. ಬೇರೆ ದಾರಿ ಇಲ್ಲ. ಒಂದನ್ನು ಎಳೆದು, ಹಾರದಿರಲಿ ಅಂತ ಉಗುಳು ಹಚ್ಚಬೇಕು ಅನ್ನಿಸಿತು, ಮರ್ಯಾದೆ ಅಡ್ಡ ಬಂತು, ಹಾಗೇ ಕಿಟಕಿಯಿಂದ ಸೀಟಿನ ಮೇಲಿಟ್ಟು ಬಾಗಿಲಿಗೆ ಓಡಿದೆ. ಗುದ್ದಾಡಿ ಒಳಗೆ ಹೋಗುವಷ್ಟರಲ್ಲಿ ಒಬ್ಬರು ಅಜ್ಜಿ ಅದೇ ಟಿಶ್ಯೂನಲ್ಲಿ ಸೀಟಿನ ಧೂಳು ನೀಟಾಗಿ ಒರೆಸಿ, ಆರಾಮಾಗಿ ಕೂತಿದ್ದರು.

"ಅಜ್ಜಿ, ಆ ಸೀಟಿಗೆ ನಾನು..." ಅಂದೆ. ಏನು ಹಾಕಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ.

"ಯಾರೋ ಪುಣ್ಯಾತ್ಮರು ಒರೆಸ್ಕೊಳ್ಳಲಿ ಅಂತ ಇಟ್ಟೋಗವ್ರೆ ಕಣಪ್ಪ" ಅಂದರು ಅಜ್ಜಿ. ಇಡೀ ಬಸ್ಸು ಅಜ್ಜಿಯ ಪರ ನಿಂತಿತು. ನಾನೂ ನಿಂತೆ, ಕುಣಿಗಲ್‌ವರೆಗೆ. ನೆಲಮಂಗಲ ದಾಟುವಾಗ ಅಜ್ಜಿ ಆ ಟಿಶ್ಯೂವನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಎಲೆ ಅಡಿಕೆ ಚೀಲದೊಳಗೆ ಸೇರಿಸಿದರು. ನಾನು ನೋಡುತ್ತಿರುವುದು ಕಂಡು ಸಮಾಧಾನ ಹೇಳಿದರು.

"ಬಿಸಾಕೋದ್ಯಾಕಪ್ಪ, ಒಗೆದ್ರೆ ಬರ್ತದೆ."